ಪುಸ್ತಕ ಮೌಲ್ಯಕ್ಕಿಂತ ಅಗ್ಗ: ಶಿರಸಿಯ ಒಂದು ಕುಟುಂಬ, ಎರಡು ಸಣ್ಣ ಬ್ಯಾಂಕುಗಳ ಶೇರು

ಶಿರಸಿ ತಾಲೂಕಿನ ಒಂದು ಅಡಿಕೆ ಬೆಳೆಗಾರ ಕುಟುಂಬ 2018ರಿಂದ 2024ರ ನಡುವೆ ಎರಡು ಹಳೆಯ ಖಾಸಗಿ ಬ್ಯಾಂಕುಗಳ ಶೇರುಗಳಲ್ಲಿ ಹಣ ಹೂಡಿದ ಪ್ರಕರಣವಿದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು ಮತ್ತು ಎರಡು ಬ್ಯಾಂಕುಗಳ ಗುರುತನ್ನು ಮರೆಸಿದ್ದೇನೆ. ಮೊತ್ತಗಳನ್ನು ಬದಲಿಸಿದ್ದೇನೆ. ಎರಡೂ ಬ್ಯಾಂಕುಗಳ 2018ರ ಪುಸ್ತಕ ಮೌಲ್ಯವನ್ನು (ಸಾಲ, ಠೇವಣಿ ಕಳೆದ ಮೇಲೆ ಲೆಕ್ಕಪತ್ರದಲ್ಲಿ ಉಳಿಯುವ ಆಸ್ತಿ) ಶೇರೊಂದಕ್ಕೆ 100 ರೂಪಾಯಿ ಎಂದು ಇಟ್ಟುಕೊಂಡು, ಉಳಿದೆಲ್ಲ ದರಗಳನ್ನು ಅದೇ ಪ್ರಮಾಣಕ್ಕೆ ಹೊಂದಿಸಿ ಕೊಟ್ಟಿದ್ದೇನೆ. ನಡುವೆ ಹೆಸರಿನೊಂದಿಗೆ ಬರುವ ಬ್ಯಾಂಕುಗಳ ಸಂಗತಿಗಳು ಸಾರ್ವಜನಿಕ ದಾಖಲೆಯಲ್ಲಿರುವಂಥವು. ಈ ಕುಟುಂಬ ಕೊಂಡದ್ದು ಆ ಬ್ಯಾಂಕುಗಳ ಶೇರುಗಳನ್ನಲ್ಲ.

ಇದನ್ನು ಬರೆಯಲೇಬೇಕು ಎನಿಸಿದ್ದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ಅಡಿಕೆಗೆ ದರ ಬಂದ ವರ್ಷಗಳಲ್ಲಿ ಶೇರು ಪೇಟೆಗೆ ಹೊಸದಾಗಿ ಕಾಲಿಟ್ಟವರು ಬಹಳ ಮಂದಿ. ಅವರಲ್ಲಿ ಅನೇಕರು ಮೊದಲು ಕೊಳ್ಳುವುದು ತಮಗೆ ಪರಿಚಯವಿರುವ ಸಣ್ಣ ಬ್ಯಾಂಕಿನ ಶೇರನ್ನು. ಪರಿಚಯ ಎಲ್ಲಿಯವರೆಗೆ ಸಹಾಯಕ್ಕೆ ಬರುತ್ತದೆ, ಎಲ್ಲಿಂದ ದಾರಿ ತಪ್ಪಿಸುತ್ತದೆ ಎಂಬುದು ಈ ಪ್ರಕರಣದಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಮನೆ ಮತ್ತು ಹಣ

ಮನೆಯ ಹಿರಿಯರು ಒಂದು ಗ್ರಾಮೀಣ ಸೇವಾ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿ ದುಡಿದು ನಿವೃತ್ತರಾದವರು. ಅವರನ್ನು ಕಾರ್ಯದರ್ಶಿ ಎಂದೇ ಕರೆಯುತ್ತೇನೆ. ಅವರ ತಮ್ಮ ತೋಟ ನೋಡಿಕೊಳ್ಳುತ್ತಾರೆ. ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ.

ಶಿರಸಿಯ ಕಡೆ ಬ್ಯಾಂಕು ಎಂದರೆ ಮೊದಲು ನೆನಪಾಗುವುದು ಸಹಕಾರಿ ಬ್ಯಾಂಕು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿ ಇರುವುದೂ ಜಿಲ್ಲಾ ಕೇಂದ್ರವಾದ ಕಾರವಾರದಲ್ಲಲ್ಲ, ಶಿರಸಿಯಲ್ಲಿ. ಇಲ್ಲಿನ ಬಹುಪಾಲು ಮನೆಗಳಿಗೆ ಗೊತ್ತಿರುವ ಶೇರು ಎಂದರೆ ಸಾಲ ಪಡೆಯುವಾಗ ಅದರ ಜೊತೆಗೇ ಮುರಿದುಕೊಳ್ಳುವ ಸಂಘದ ಶೇರು. ಅದರ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬಿಟ್ಟು ಹೊರಡುವಾಗ ಮುಖಬೆಲೆ ಕೈಗೆ ಬರುತ್ತದೆ. ನೂರು ಶೇರು ಇದ್ದವರಿಗೂ ಹತ್ತು ಇದ್ದವರಿಗೂ ಮಹಾಸಭೆಯಲ್ಲಿ ಒಂದೇ ಮತ. ಪೇಟೆಯಲ್ಲಿ ವಹಿವಾಟಾಗುವ ಬ್ಯಾಂಕಿನ ಶೇರು ಇದಕ್ಕೆ ಪೂರ್ತಿ ವ್ಯತಿರಿಕ್ತ: ಅದಕ್ಕೆ ಮೇಲೆ ಮಿತಿಯಿಲ್ಲ, ಕೆಳಗೆ ನೆಲವೂ ಇಲ್ಲ. ಈ ವ್ಯತ್ಯಾಸವನ್ನು ತಮ್ಮನಿಗೆ ಮನವರಿಕೆ ಮಾಡಲು ಕಾರ್ಯದರ್ಶಿಯವರು ಮೊದಲ ಕೆಲವು ವಾರಗಳನ್ನೇ ವ್ಯಯಿಸಿದರು. ಆ ಸಮಯ ದಂಡವಾಗಲಿಲ್ಲ ಎಂಬುದು 2020ರಲ್ಲಿ ಗೊತ್ತಾಯಿತು.

ಕೈಯಲ್ಲಿದ್ದದ್ದು ನಿವೃತ್ತಿಯ ಹಣ ಮತ್ತು ಕಾಳುಮೆಣಸು ಮಾರಿ ಉಳಿದ ಹಣ. ಮನೆಯ ಖರ್ಚು, ಕೊಳೆ ರೋಗದ ವರ್ಷಕ್ಕೆ ಬೇಕಾಗುವ ಆಸರೆ, ಕೂಲಿ, ಗೊಬ್ಬರ ಎಲ್ಲಕ್ಕೂ ಮುದ್ದತಿ ಠೇವಣಿಯಲ್ಲಿ ಬೇರೆ ತೆಗೆದಿಟ್ಟ ಮೇಲೆ ಹತ್ತು ಲಕ್ಷ ಉಳಿಯಿತು. ಐದು ವರ್ಷ ಇದರ ಕಡೆ ಕೈ ಚಾಚುವಂತಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದರು. ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವಾದ ತೀರ್ಮಾನ ಇದೇ ಎಂದು ನನ್ನ ಅಭಿಪ್ರಾಯ. ಯಾವ ಬ್ಯಾಂಕು ಎಂಬುದು ಇದರ ನಂತರದ ಪ್ರಶ್ನೆ.

ಮೂವರ ಮೂರು ವಾದ

ಬ್ಯಾಂಕ್ ಶೇರಿನ ಮಾತು ತೆಗೆದದ್ದು ಮಗಳು. ಅಮೆರಿಕದಲ್ಲಿ ಊರೂರಿನ ಸಣ್ಣ ಬ್ಯಾಂಕುಗಳ ಶೇರುಗಳನ್ನು ಪುಸ್ತಕ ಮೌಲ್ಯಕ್ಕಿಂತ ಕಡಿಮೆಗೆ ಕೊಂಡು ತಾಳ್ಮೆಯಿಂದ ಕಾಯುವ ಒಂದು ಪದ್ಧತಿಯೇ ಇದೆ. ಬ್ಯಾಂಕಿನ ಆಸ್ತಿಯಿಂದ ಎಲ್ಲ ಸಾಲ, ಠೇವಣಿಗಳನ್ನು ಕಳೆದು ಉಳಿಯುವುದನ್ನು ಶೇರುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಪುಸ್ತಕ ಮೌಲ್ಯ. ಅಲ್ಲಿ 1980ರ ದಶಕದ ಮಧ್ಯದಲ್ಲಿ 14 ಸಾವಿರಕ್ಕೂ ಹೆಚ್ಚು ವಾಣಿಜ್ಯ ಬ್ಯಾಂಕುಗಳಿದ್ದವು. ಈಗ ನಾಲ್ಕು ಸಾವಿರದ ಆಸುಪಾಸಿನಲ್ಲಿವೆ. ಕಡಿಮೆಯಾದವುಗಳಲ್ಲಿ ಬಹಳಷ್ಟು ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು, ಅನೇಕ ಸಲ ಒಳ್ಳೆಯ ಬೆಲೆಗೆ. ಅಗ್ಗಕ್ಕೆ ಕೊಂಡು ಕಾಯುತ್ತಿದ್ದರೆ ಒಂದು ದಿನ ಯಾರೋ ಬಂದು ಕೊಳ್ಳುತ್ತಾರೆ ಎಂಬುದು ಅಲ್ಲಿನ ಲೆಕ್ಕಾಚಾರದ ಬೆನ್ನೆಲುಬು. ನಮ್ಮಲ್ಲೂ ದಕ್ಷಿಣದ ಹಳೆಯ ಖಾಸಗಿ ಬ್ಯಾಂಕುಗಳು ಪುಸ್ತಕ ಮೌಲ್ಯದ ಅರ್ಧಕ್ಕೆ ಸಿಗುತ್ತಿವೆಯಲ್ಲ ಎಂಬುದು ಅವಳ ವಾದ.

ಅವಳು ಆರಿಸಿದ್ದು ಬೇರೆ ರಾಜ್ಯದ ಒಂದು ಬ್ಯಾಂಕನ್ನು. ಪುಸ್ತಕ ಮೌಲ್ಯ 100 ರೂಪಾಯಿ, ಪೇಟೆ ದರ 45. ಇದನ್ನು ದೂರದ ಬ್ಯಾಂಕ್ ಎನ್ನೋಣ.

ತಮ್ಮನ ಆಯ್ಕೆ ಪಟ್ಟಣದಲ್ಲೇ ಶಾಖೆ ಇರುವ ಬ್ಯಾಂಕು. ಬಂಗಾರದ ಸಾಲ ತೆಗೆದು ಸಕಾಲಕ್ಕೆ ತೀರಿಸಿದ ಅನುಭವ ಅವರಿಗಿತ್ತು. ಶಾಖೆಯ ವ್ಯವಸ್ಥಾಪಕರು ಸಜ್ಜನರು. ಸಾಲ ಪಡೆದವರು ಯಾರು, ಕಟ್ಟದವರು ಯಾರು ಎಂಬುದೆಲ್ಲ ಊರಿಗೇ ಗೊತ್ತು, ಹಾಗಾಗಿ ಸುಸ್ತಿ ಕಡಿಮೆ. ಪುಸ್ತಕ ಮೌಲ್ಯ 100, ಪೇಟೆ ದರ 60. ಇದು ಹತ್ತಿರದ ಬ್ಯಾಂಕ್.

ಕಾರ್ಯದರ್ಶಿಯವರು ಎರಡನ್ನೂ ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಅರ್ಧ ಬೆಲೆಗೆ ತೋಟ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಾವು ಮೊದಲು ಕೇಳುವುದು ನೀರಿದೆಯೇ, ಹಳದಿ ಎಲೆ ರೋಗವಿದೆಯೇ, ದಾಯಾದಿಗಳ ದಾವೆಯಿದೆಯೇ ಎಂದು. ಬ್ಯಾಂಕಿಗೂ ಅದನ್ನೇ ಕೇಳಬೇಕು ಎಂದರು. ಮಗಳ ಲೆಕ್ಕಕ್ಕೆ ಅವರು ಎತ್ತಿದ ಮೊದಲ ಪ್ರಶ್ನೆ: ನಮ್ಮ ದೇಶದಲ್ಲಿ ಬಂದು ಕೊಳ್ಳುವವರು ಯಾರು?

ಈ ಪ್ರಶ್ನೆ ಕೇಳದೆ ಅಮೆರಿಕದ ಪದ್ಧತಿಯನ್ನು ಇಲ್ಲಿಗೆ ಎತ್ತಿ ತರುವವರು ಇಂದಿಗೂ ಇದ್ದಾರೆ. ನಮ್ಮಲ್ಲಿ ಬ್ಯಾಂಕಿನ ಶೇರಿನಲ್ಲಿ ಶೇಕಡಾ 5 ಅಥವಾ ಅದಕ್ಕೂ ಹೆಚ್ಚು ಪಾಲು ಹೊಂದಲು ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು. ಎಷ್ಟೇ ಶೇರು ಇದ್ದರೂ ಮತದಾನದ ಹಕ್ಕು ಶೇಕಡಾ 26ಕ್ಕೆ ಸೀಮಿತ. ಹೀಗಿರುವಾಗ ವಿಲೀನಗಳು ಎರಡು ಬಗೆಯಲ್ಲಿ ಆಗಿವೆ. ಆರೋಗ್ಯವಾಗಿದ್ದ ಬ್ಯಾಂಕು ಮಾತುಕತೆಯಿಂದ ವಿಲೀನವಾದಾಗ ಶೇರುದಾರರಿಗೆ ಬೆಲೆ ಸಿಕ್ಕಿದೆ. 2015ರಲ್ಲಿ ಐಎನ್‌ಜಿ ವೈಶ್ಯ ಬ್ಯಾಂಕು ಕೋಟಕ್ ಮಹೀಂದ್ರಾದಲ್ಲಿ ಸೇರಿದಾಗ ಪ್ರತಿ 1,000 ಶೇರಿಗೆ ಕೋಟಕ್‌ನ 725 ಶೇರು ಕೊಟ್ಟರು. ಕಾಯಿಲೆ ಬಿದ್ದು, ಠೇವಣಿ ಹಿಂಪಡೆಯುವುದಕ್ಕೆ ನಿರ್ಬಂಧ ಬಂದ ಮೇಲೆ ಆದ ವಿಲೀನಗಳ ಕಥೆ ಬೇರೆ. 2004ರಲ್ಲಿ ಗ್ಲೋಬಲ್ ಟ್ರಸ್ಟ್ ಬ್ಯಾಂಕು ಓರಿಯಂಟಲ್ ಬ್ಯಾಂಕ್ ಆಫ್ ಕಾಮರ್ಸ್‌ಗೆ ಸೇರಿದಾಗ ಠೇವಣಿದಾರರು ಉಳಿದುಕೊಂಡರು, ಶೇರುದಾರರ ಕೈ ಬರಿದಾಯಿತು. 2006ರಲ್ಲಿ ಸಾತಾರಾದ ಯುನೈಟೆಡ್ ವೆಸ್ಟರ್ನ್ ಬ್ಯಾಂಕನ್ನು ಐಡಿಬಿಐ ತೆಗೆದುಕೊಂಡಾಗ ಶೇರೊಂದಕ್ಕೆ 28 ರೂಪಾಯಿ ನಗದು ಸಿಕ್ಕಿತು. ಯಾವುದಕ್ಕೆ ಕೊಳ್ಳುವವರು ಬರುತ್ತಾರೆ ಎಂದು ಮೊದಲೇ ಹೇಳಲಾಗದು ಎಂಬ ಕಾರಣಕ್ಕೆ ವಿಲೀನದ ಆಸೆಯನ್ನು ಲೆಕ್ಕದಿಂದಲೇ ತೆಗೆದುಹಾಕಿದರು. ಬ್ಯಾಂಕು ತಾನೇ ಗಳಿಸಿ, ತಾನೇ ಬೆಳೆದರೆ ಸಿಗುವುದೆಷ್ಟು ಎಂಬುದಷ್ಟೇ ಉಳಿಯಿತು.

ತಮ್ಮನಿಗೆ ಕೇಳಿದ ಪ್ರಶ್ನೆ ಇನ್ನೂ ನೇರವಾಗಿತ್ತು. ಶಿರಸಿ ಶಾಖೆಯ ಸಾಲ ಚೆನ್ನಾಗಿದೆ, ಸರಿ. ಬ್ಯಾಂಕಿನ ಒಟ್ಟು ಸಾಲದಲ್ಲಿ ಶಿರಸಿಯ ಪಾಲು ಎಷ್ಟು? ಊರ ಬ್ಯಾಂಕು ಎಂದು ನಾವು ಪ್ರೀತಿಯಿಂದ ಕರೆಯುವ ಬ್ಯಾಂಕುಗಳು ಇಲ್ಲಿ ಠೇವಣಿ ಕೂಡಿಸಿ, ದೊಡ್ಡ ಬ್ಯಾಂಕುಗಳ ಒಕ್ಕೂಟದಲ್ಲಿ ಸೇರಿ ವಿದ್ಯುತ್ ಕಂಪನಿಗೋ ಹೆದ್ದಾರಿ ಗುತ್ತಿಗೆಗೋ ಸಾಲ ಕೊಟ್ಟಿರುತ್ತವೆ. ಪೆಟ್ಟು ಬೀಳುವುದು ಅಲ್ಲಿ. ಶಾಖೆಯ ಕೌಂಟರಿನಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ.

ಪುಸ್ತಕವನ್ನು ಓದಿದ ಬಗೆ

ಎರಡೂ ಬ್ಯಾಂಕುಗಳ ಐದು ವರ್ಷಗಳ ವಾರ್ಷಿಕ ವರದಿಗಳನ್ನು ಮಗಳು ಮುದ್ರಿಸಿ ತಂದಳು. ಕಾರ್ಯದರ್ಶಿಯವರು ಅಧ್ಯಕ್ಷರ ಭಾಷಣದಿಂದ ಶುರು ಮಾಡದೆ ಕೊನೆಯಲ್ಲಿರುವ ಲೆಕ್ಕಪತ್ರದ ಟಿಪ್ಪಣಿಗಳಿಂದ ಓದತೊಡಗಿದರು. ಅವರ ವೃತ್ತಿಯ ಅನುಭವ ಇಲ್ಲಿ ಚಿನ್ನದಂತೆ ಕೆಲಸಕ್ಕೆ ಬಂತು. ಮಾರ್ಚ್ ತಿಂಗಳಲ್ಲಿ ಸುಸ್ತಿಯಾಗಲಿರುವ ಸಾಲವನ್ನು ಕೈಗಡ ತಂದು ಒಂದು ದಿನದ ಮಟ್ಟಿಗೆ ಕಟ್ಟಿಸಿ, ಮರುದಿನ ಹೊಸ ಸಾಲವಾಗಿ ಎತ್ತಿಸುವುದು ಗ್ರಾಮೀಣ ಸಾಲದ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಕಾಗದದಲ್ಲಿ ವಸೂಲಿ ನೂರಕ್ಕೆ ನೂರು, ವಾಸ್ತವದಲ್ಲಿ ಒಂದು ರೂಪಾಯಿಯೂ ಬಂದಿಲ್ಲ. ದೊಡ್ಡ ಬ್ಯಾಂಕು ಇದನ್ನೇ ದೊಡ್ಡ ಮಾತುಗಳಲ್ಲಿ ಮಾಡುತ್ತದೆ ಎಂಬ ಅನುಮಾನದಿಂದಲೇ ಅವರು ಪ್ರತಿ ಪುಟ ತಿರುವಿದರು.

ಅವರು ಹುಡುಕಿದ ಸಾಲುಗಳು ಇವು. ತೊಂಬತ್ತು ದಿನ ಮೀರಿ ಕಂತು ಬಾರದ ಸಾಲದಲ್ಲಿ, ಅಂದರೆ ಸುಸ್ತಿ ಸಾಲದಲ್ಲಿ, ನಷ್ಟಕ್ಕೆಂದು ತೆಗೆದಿಟ್ಟ ಹಣ ಕಳೆದು ಉಳಿಯುವ ನಿವ್ವಳ ಮೊತ್ತ ಬ್ಯಾಂಕಿನ ಸ್ವಂತ ಬಂಡವಾಳದ ಎಷ್ಟು ಪಾಲು? ಸುಸ್ತಿ ಸಾಲವನ್ನು ಅಂಥ ಸಾಲ ಕೊಂಡು ವಸೂಲಿ ಮಾಡುವ ಆಸ್ತಿ ಪುನರ್ರಚನಾ ಕಂಪನಿಗೆ ಮಾರಿ, ಹಣದ ಬದಲು ಪಡೆದ, ವಸೂಲಾದರೆ ಮಾತ್ರ ಹಣವಾಗುವ ಭದ್ರತಾ ರಸೀದಿಗಳು ಎಷ್ಟು? ಮುಂದೆ ಲಾಭ ಬಂದರೆ ಮಾತ್ರ ಬೆಲೆ ಬರುವ ಮುಂದೂಡಿದ ತೆರಿಗೆಯ ಆಸ್ತಿ ಎಷ್ಟು? ಅತಿ ದೊಡ್ಡ ಇಪ್ಪತ್ತು ಸಾಲಗಾರರ ಕೈಯಲ್ಲಿರುವ ಪಾಲು ಎಷ್ಟು? ಈ ಕೊನೆಯ ಅಂಕಿ ಪ್ರತಿ ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಇರುತ್ತದೆ, ಆದರೆ ಯಾರೂ ಅತ್ತ ನೋಡುವುದಿಲ್ಲ. ಇನ್ನೊಂದು ಅಮೂಲ್ಯ ಸಾಲು 2017ರ ನಂತರ ಬಂದದ್ದು. ಬ್ಯಾಂಕು ತೋರಿಸಿದ ಸುಸ್ತಿ ಸಾಲಕ್ಕೂ ರಿಸರ್ವ್ ಬ್ಯಾಂಕಿನ ತಪಾಸಣೆಯಲ್ಲಿ ಕಂಡ ಸುಸ್ತಿ ಸಾಲಕ್ಕೂ ನಿಗದಿತ ಮಿತಿ ಮೀರಿದ ವ್ಯತ್ಯಾಸವಿದ್ದರೆ ಅದನ್ನು ಟಿಪ್ಪಣಿಯಲ್ಲಿ ಪ್ರಕಟಿಸಲೇಬೇಕು.

ಇಷ್ಟು ಸಿಕ್ಕ ಮೇಲೆ ಅವರು ಪುಸ್ತಕ ಮೌಲ್ಯವನ್ನು ತಮ್ಮದೇ ಕತ್ತರಿಯಿಂದ ಕತ್ತರಿಸಿದರು. ನಿವ್ವಳ ಸುಸ್ತಿ ಸಾಲದಲ್ಲಿ ಅರ್ಧ ಹೋಯಿತು ಎಂದುಕೊಳ್ಳುವುದು, ಭದ್ರತಾ ರಸೀದಿಯಲ್ಲೂ ಅರ್ಧ, ಮುಂದೂಡಿದ ತೆರಿಗೆ ಆಸ್ತಿ ಪೂರ್ತಿ ಬಿಡುವುದು. ದೂರದ ಬ್ಯಾಂಕಿನಲ್ಲಿ ನೂರು ರೂಪಾಯಿ ಪುಸ್ತಕ ಮೌಲ್ಯಕ್ಕೆ ನಿವ್ವಳ ಸುಸ್ತಿ ಸಾಲವೇ 50 ರೂಪಾಯಿ, ರಸೀದಿ 12, ತೆರಿಗೆ ಆಸ್ತಿ 10. ಕಳೆಯಬೇಕಾದದ್ದು 25, 6 ಮತ್ತು 10, ಉಳಿದದ್ದು 59. ಹತ್ತಿರದ ಬ್ಯಾಂಕಿನಲ್ಲಿ ಇವು ಕ್ರಮವಾಗಿ 22, 4 ಮತ್ತು 3. ಕಳೆದದ್ದು 16, ಉಳಿದದ್ದು 84.

ಅಗ್ಗದ ಕ್ರಮವೇ ಇಲ್ಲಿ ತಲೆಕೆಳಗಾಯಿತು. ದೂರದ ಬ್ಯಾಂಕಿನಲ್ಲಿ 59ರ ಮೌಲ್ಯಕ್ಕೆ 45 ಕೊಡಬೇಕು, ಅಂದರೆ ಶೇಕಡಾ 76. ಹತ್ತಿರದ ಬ್ಯಾಂಕಿನಲ್ಲಿ 84ಕ್ಕೆ 60, ಅಂದರೆ ಶೇಕಡಾ 71. ಹೆಚ್ಚು ಅಗ್ಗವೆಂದು ಕಂಡದ್ದು ನಿಜದಲ್ಲಿ ತುಸು ದುಬಾರಿಯಾಗಿತ್ತು.

ಮಗಳು ಸುಲಭವಾಗಿ ಬಿಟ್ಟುಕೊಡಲಿಲ್ಲ. ಅರ್ಧ ಹೋಯಿತು ಎಂದು ನಿರ್ಧರಿಸಲು ಆಧಾರವೇನು ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. 2016ರ ದಿವಾಳಿ ಸಂಹಿತೆ ಆಗಷ್ಟೇ ಫಲ ಕೊಡತೊಡಗಿತ್ತು. 2018ರ ಮೇ ತಿಂಗಳಲ್ಲಿ ಭೂಷಣ್ ಸ್ಟೀಲ್ ಟಾಟಾ ಸ್ಟೀಲ್‌ನ ಪಾಲಾಗಿ, ಸಾಲ ಕೊಟ್ಟ ಬ್ಯಾಂಕುಗಳಿಗೆ ದೊಡ್ಡ ಮೊತ್ತ ಮರಳಿತ್ತು. ಹಳೆಯ ಸಾಲಗಳೆಲ್ಲ ಹೀಗೆಯೇ ವಸೂಲಾದರೆ ದೂರದ ಬ್ಯಾಂಕಿನ ಶೇರು ದುಪ್ಪಟ್ಟಾಗಬಹುದು. ಕೊನೆಗೆ ಒಪ್ಪಂದವಾಯಿತು: ದೂರದ ಬ್ಯಾಂಕಿಗೆ ಎರಡು ಲಕ್ಷ, ಒಂದೇ ಸಲ. ಹತ್ತಿರದ ಬ್ಯಾಂಕಿಗೆ ಎಂಟು ಲಕ್ಷ, ಮೂರು ಕಂತುಗಳಲ್ಲಿ, ಪ್ರತಿ ಕಂತಿಗೂ ಮೊದಲು ಹೊಸ ಲೆಕ್ಕಪತ್ರ ಓದಿಯೇ ಮುಂದುವರಿಯುವುದು. 2018ರ ಮಳೆಗಾಲ ಮುಗಿಯುತ್ತಿರುವಾಗ ದೂರದ ಬ್ಯಾಂಕನ್ನು 45ರಲ್ಲಿ, ಹತ್ತಿರದ ಬ್ಯಾಂಕಿನ ಮೂರು ಲಕ್ಷದ ಮೊದಲ ಕಂತನ್ನು 60ರಲ್ಲಿ ಕೊಂಡರು.

ನಷ್ಟದಲ್ಲಿ ಮಾರಿದ್ದು

ಕೊಂಡ ಬೆನ್ನಲ್ಲೇ ಮೂಲಸೌಕರ್ಯಕ್ಕೆ ಸಾಲ ಕೊಡುತ್ತಿದ್ದ ದೊಡ್ಡ ಹಣಕಾಸು ಸಂಸ್ಥೆ ಐಎಲ್‌ಎಫ್‌ಎಸ್ ಕುಸಿಯಿತು. 2019ರಲ್ಲಿ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್ ಕಂತು ತಪ್ಪಿಸತೊಡಗಿತು. ಸಣ್ಣ ಬ್ಯಾಂಕುಗಳ ಶೇರುಗಳೆಲ್ಲ ಜಾರಿದವು. ಆದರೆ ದರ ಇಳಿದದ್ದು ಮಾರುವುದಕ್ಕೆ ಕಾರಣವಾಗಲಿಲ್ಲ. ಕಾರಣವಾದದ್ದು 2019ರಲ್ಲಿ ಬಂದ ದೂರದ ಬ್ಯಾಂಕಿನ ವಾರ್ಷಿಕ ವರದಿ. ತಪಾಸಣೆಯ ವ್ಯತ್ಯಾಸದ ಸಾಲು ಅದರಲ್ಲಿತ್ತು. ಇಪ್ಪತ್ತು ದೊಡ್ಡ ಸಾಲಗಾರರ ಪಾಲು ಹಿಂದಿನ ವರ್ಷಕ್ಕಿಂತ ಏರಿತ್ತು. ಜೊತೆಗೆ ಹೊಸ ಶೇರು ಹೊರಡಿಸಿ ಬಂಡವಾಳ ಎತ್ತುವ ನಿರ್ಣಯವೂ ಮಹಾಸಭೆಯ ಸೂಚನೆಯಲ್ಲಿತ್ತು.

ಮೂರನೆಯದರ ಅರ್ಥವನ್ನು ಕಾರ್ಯದರ್ಶಿಯವರು ಕಾಗದದ ಮೇಲೆ ಬರೆದು ತೋರಿಸಿದರು. ತಲಾ ನೂರು ರೂಪಾಯಿ ಮೌಲ್ಯದ ಹತ್ತು ಶೇರುಗಳಿವೆ, ಒಟ್ಟು ಸಾವಿರ. ಬ್ಯಾಂಕು ಇನ್ನೂ ಐದು ಶೇರುಗಳನ್ನು ಪೇಟೆಗೆ ತಕ್ಕಂತೆ 40 ರೂಪಾಯಿಗೆ ಮಾರಿದರೆ ಇನ್ನೂರು ಬರುತ್ತದೆ. ಈಗ ಸಾವಿರದ ಇನ್ನೂರನ್ನು ಹದಿನೈದು ಶೇರುಗಳಿಗೆ ಹಂಚಬೇಕು, ಒಂದಕ್ಕೆ 80. ಹೊಸದಾಗಿ ಒಂದು ಸಾಲವೂ ಮುಳುಗದೆಯೇ ಹಳೆಯ ಶೇರುದಾರರ ನೂರು ಎಂಬತ್ತಾಯಿತು. ಪುಸ್ತಕ ಮೌಲ್ಯಕ್ಕಿಂತ ಕಡಿಮೆಗೆ ಶೇರು ಸಿಗುತ್ತದೆ ಎಂದು ಹಿಗ್ಗುವ ನಾವು, ಅದೇ ಕಡಿಮೆ ಬೆಲೆಗೆ ಬ್ಯಾಂಕು ಹೊಸಬರಿಗೂ ಕೊಡಬೇಕಾಗಬಹುದು ಎಂಬುದನ್ನು ಮರೆತಿರುತ್ತೇವೆ. ಬಂಡವಾಳ ಸಾಕಷ್ಟಿರುವ ಬ್ಯಾಂಕಿನಲ್ಲಿ ಅಗ್ಗ ನಮ್ಮ ಪರವಾಗಿರುತ್ತದೆ. ಬಂಡವಾಳಕ್ಕೆ ಕೈಯೊಡ್ಡಬೇಕಾದ ಬ್ಯಾಂಕಿನಲ್ಲಿ ಅದೇ ಅಗ್ಗ ನಮ್ಮನ್ನು ತಿನ್ನುತ್ತದೆ. ಸಣ್ಣ ಬ್ಯಾಂಕಿನ ಶೇರು ನೋಡುವ ಯಾರಿಗಾದರೂ ಈ ಒಂದು ಲೆಕ್ಕವನ್ನು ಬಿಡಿಸಿ ತೋರಿಸಬೇಕೆಂದು ನನಗೆ ಅನಿಸುತ್ತದೆ.

ಪೂರ್ತಿ ವರ್ಷ ತುಂಬುವ ಮೊದಲೇ 31 ರೂಪಾಯಿ 50 ಪೈಸೆಗೆ ಮಾರಿದರು. ಎರಡು ಲಕ್ಷದಲ್ಲಿ 60 ಸಾವಿರ ಹೋಯಿತು. ಮನೆಯಲ್ಲಿ ಬೇಸರವಿತ್ತು. ಇನ್ನೊಂದು ವರ್ಷ ಕಾದಿದ್ದರೆ ಅಸಲಾದರೂ ಬರುತ್ತಿತ್ತು ಎಂದು ತಮ್ಮ ಹೇಳುತ್ತಲೇ ಇದ್ದರು. ಕಾರ್ಯದರ್ಶಿಯವರ ಉತ್ತರ ಒಂದೇ: ಕೊಳ್ಳುವಾಗ ನಂಬಿದ್ದ ಪುಸ್ತಕ ಈಗ ಅದೇ ಪುಸ್ತಕವಲ್ಲ. ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ನಮ್ಮಲ್ಲಿ ಅನೇಕರು ರಿಟರ್ನ್ ಸಲ್ಲಿಸುವುದೇ ಇಲ್ಲ. ಆ ವರ್ಷ ಗಡುವಿನೊಳಗೆ ಸಲ್ಲಿಸಿ ಅಲ್ಪಾವಧಿ ನಷ್ಟವನ್ನು ದಾಖಲಿಸಿದರು. ಹಾಗೆ ಮಾಡಿದರೆ ಎಂಟು ವರ್ಷಗಳವರೆಗೆ ಮುಂದಿನ ಬಂಡವಾಳ ಲಾಭದಿಂದ ಕಳೆದುಕೊಳ್ಳಬಹುದು. ಮುಂದೆ ಅದು ಪೂರ್ತಿ ಉಪಯೋಗಕ್ಕೆ ಬಂತು.

ಹತ್ತಿರದ ಬ್ಯಾಂಕಿನ ಅದೇ ವರ್ಷದ ವರದಿಯಲ್ಲಿ ಇಂಥ ಸಾಲುಗಳಿರಲಿಲ್ಲ. ಲಾಭ ತೆಳ್ಳಗಿತ್ತು, ಬಂಡವಾಳ ಸಾಕಷ್ಟಿತ್ತು. 2019ರ ಕೊನೆಯಲ್ಲಿ ಮೂರು ಲಕ್ಷದ ಎರಡನೆಯ ಕಂತು ಹೋಯಿತು. ದರ 45.

2020

ಮಾರ್ಚ್ ಮೊದಲ ವಾರದಲ್ಲಿ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿತ್ತು. ತಿಂಗಳ ಕೊನೆಗೆ ಇಡೀ ದೇಶ ಬಾಗಿಲು ಮುಚ್ಚಿತು. ಅಡಿಕೆ ವಹಿವಾಟು ನಿಂತಿತು. ಹತ್ತಿರದ ಬ್ಯಾಂಕಿನ ಶೇರು 25ಕ್ಕೆ ಇಳಿಯಿತು. ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಆ ವರ್ಷದ ಲಾಭಾಂಶ ಹಂಚದಂತೆ ಎಲ್ಲ ಬ್ಯಾಂಕುಗಳನ್ನು ತಡೆಯಿತು.

ಉಳಿದ ಎರಡು ಲಕ್ಷವನ್ನು ಈಗಲೇ ಹಾಕೋಣ ಎಂದಳು ಮಗಳು. ಕಾರ್ಯದರ್ಶಿಯವರು ಒಪ್ಪಲಿಲ್ಲ. ಮಾರ್ಚ್‌ನಿಂದ ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡುವ ಸವಲತ್ತಿತ್ತು. ಆ ಅವಧಿಯ ಯಾವ ಅಂಕಿಯೂ ಸಾಲಗಾರರ ನಿಜವಾದ ಸ್ಥಿತಿ ಹೇಳುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದಿಂದ ಸುಸ್ತಿ ಎಂದು ವರ್ಗೀಕರಿಸುವುದಕ್ಕೂ ತಡೆ ಬಂತು. ಆದರೆ ಆ ತ್ರೈಮಾಸಿಕದ ಫಲಿತಾಂಶದಲ್ಲಿ ಬ್ಯಾಂಕುಗಳು ಆದೇಶ ಇಲ್ಲದಿದ್ದರೆ ಸುಸ್ತಿ ಎಷ್ಟಾಗುತ್ತಿತ್ತು ಎಂಬ ಅಂಕಿಯನ್ನೂ ಪ್ರತ್ಯೇಕವಾಗಿ ಕೊಟ್ಟವು. ಅವರು ಕಾಯುತ್ತಿದ್ದದ್ದು ಇದಕ್ಕೇ. ಪತ್ರಿಕೆಗಳಲ್ಲಿ ಬರುವ ಬಂಗಾರ ಹರಾಜಿನ ಪ್ರಕಟಣೆ, ಆಸ್ತಿ ಸ್ವಾಧೀನದ ನೋಟಿಸುಗಳನ್ನೂ ಆ ತಿಂಗಳುಗಳಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದರು. ಹತ್ತಿರದ ಬ್ಯಾಂಕಿನ ಅಂಕಿ ಭಯಪಟ್ಟಷ್ಟು ಕೆಟ್ಟದಾಗಿರಲಿಲ್ಲ. ನವೆಂಬರ್ ಮೊದಲ ವಾರದಲ್ಲಿ ಕೊನೆಯ ಕಂತು ಹಾಕಿದರು. ದರ 30. ತಳ ತಪ್ಪಿತು ಎಂದು ಮಗಳಿಗೆ ಅನಿಸಿತು. ತಳವನ್ನು ಹಿಡಿಯುವುದು ತಮ್ಮ ಕೆಲಸವಲ್ಲ ಎಂದು ಕಾರ್ಯದರ್ಶಿಯವರು ಮೊದಲೇ ಹೇಳಿದ್ದರು.

ಕೊಂಡು ಎರಡು ವಾರವೂ ಆಗಿರಲಿಲ್ಲ. ನವೆಂಬರ್ 17ರಂದು ಲಕ್ಷ್ಮೀ ವಿಲಾಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಠೇವಣಿದಾರರು ತೆಗೆಯಬಹುದಾದ ಮೊತ್ತವನ್ನು 25,000 ರೂಪಾಯಿಗೆ ಮಿತಿಗೊಳಿಸಿದರು. ಹತ್ತು ದಿನಗಳಲ್ಲಿ ಅದು ಡಿಬಿಎಸ್ ಬ್ಯಾಂಕ್ ಇಂಡಿಯಾದಲ್ಲಿ ವಿಲೀನವಾಯಿತು. ಠೇವಣಿದಾರರ ಹಣಕ್ಕೆ ಕುಂದು ಬರಲಿಲ್ಲ. ಶೇರು ಬಂಡವಾಳವನ್ನು ಪೂರ್ತಿಯಾಗಿ ಅಳಿಸಿಹಾಕಲಾಯಿತು. 1926ರಲ್ಲಿ ಕರೂರಿನಲ್ಲಿ ಹುಟ್ಟಿದ, ದಕ್ಷಿಣದ ಊರೂರಿಗೆ ಪರಿಚಿತವಾಗಿದ್ದ ಬ್ಯಾಂಕು ಅದು.

ತಮ್ಮ ಅಂದು ರಾತ್ರಿಯೇ ಎಲ್ಲ ಮಾರಬೇಕೆಂದು ಪಟ್ಟು ಹಿಡಿದರು. ಹಳೆಯ ಬ್ಯಾಂಕು, ದಕ್ಷಿಣದ ಬ್ಯಾಂಕು, ಅಗ್ಗದ ಶೇರು: ಎರಡರ ಲಕ್ಷಣವೂ ಒಂದೇ ಎಂಬುದು ಅವರ ಭಯ. ಅದು ಹುಸಿ ಭಯವಲ್ಲ. ಕಾರ್ಯದರ್ಶಿಯವರು ಸಮಾಧಾನದ ಮಾತಾಡದೆ ಎರಡು ಬ್ಯಾಂಕುಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಲಕ್ಷ್ಮೀ ವಿಲಾಸ್ ಬ್ಯಾಂಕಿನಲ್ಲಿ 2020ರ ಮಾರ್ಚ್ ಕೊನೆಗೆ ಕೊಟ್ಟ ಸಾಲದಲ್ಲಿ ಶೇಕಡಾ 25ಕ್ಕೂ ಹೆಚ್ಚು ಸುಸ್ತಿಯಾಗಿತ್ತು. ಬಂಡವಾಳದ ಅನುಪಾತ, ಅಂದರೆ ಸಾಲಗಳ ಅಪಾಯಕ್ಕೆ ಎದುರಾಗಿ ಬ್ಯಾಂಕಿನ ಬಳಿಯಿರುವ ಬಂಡವಾಳ, ಕನಿಷ್ಠ ಶೇಕಡಾ 9 ಇರಬೇಕಾದದ್ದು ಶೇಕಡಾ 1ರ ಆಸುಪಾಸಿಗೆ ಬಂದಿತ್ತು. 2019ರ ಸೆಪ್ಟೆಂಬರ್‌ನಲ್ಲೇ ರಿಸರ್ವ್ ಬ್ಯಾಂಕು ಅದನ್ನು ದುರ್ಬಲ ಬ್ಯಾಂಕುಗಳಿಗೆ ಕಡಿವಾಣ ಹಾಕುವ ತ್ವರಿತ ಸುಧಾರಣಾ ಕ್ರಮದಡಿ ತಂದಿತ್ತು. 2020ರ ಸೆಪ್ಟೆಂಬರ್ ಮಹಾಸಭೆಯಲ್ಲಿ ಶೇರುದಾರರು ಮುಖ್ಯ ಕಾರ್ಯನಿರ್ವಾಹಕರೂ ಸೇರಿದಂತೆ ಏಳು ನಿರ್ದೇಶಕರ ನೇಮಕವನ್ನು ತಿರಸ್ಕರಿಸಿದ್ದರು. ಒಂದು ವರ್ಷ ಮೊದಲಿನಿಂದಲೂ ಬಾಗಿಲಲ್ಲೇ ನಿಂತಿದ್ದ ಸಂಗತಿಗಳಿವು. ಹತ್ತಿರದ ಬ್ಯಾಂಕಿನಲ್ಲಿ ಇದ್ಯಾವುದೂ ಇರಲಿಲ್ಲ. ಬಂಡವಾಳದ ಅನುಪಾತ ಕನಿಷ್ಠಕ್ಕಿಂತ ಸಾಕಷ್ಟು ಮೇಲಿತ್ತು.

ಮಾರಲಿಲ್ಲ. ಆದರೆ ಆ ರಾತ್ರಿಯ ಮಾತಿನಿಂದ ಒಂದು ಬದಲಾವಣೆ ಆಯಿತು. ಅದೇ ಬ್ಯಾಂಕಿನಲ್ಲಿ ಮನೆಯವರ ದೊಡ್ಡ ಮುದ್ದತಿ ಠೇವಣಿಯೂ ಇತ್ತು. ಠೇವಣಿ ವಿಮೆಯ ಮಿತಿ 2020ರ ಫೆಬ್ರುವರಿಯಿಂದ ಒಂದು ಲಕ್ಷದ ಬದಲು ಐದು ಲಕ್ಷವಾಗಿತ್ತು. ಅದಕ್ಕೂ ಮೀರಿದ ಭಾಗವನ್ನು ಬೇರೆಡೆಗೆ ವರ್ಗಾಯಿಸಿದರು. ಶೇರು ಮತ್ತು ಠೇವಣಿ ಎರಡೂ ಒಂದೇ ಬ್ಯಾಂಕಿನಲ್ಲಿ ಇರುವುದು ನಮ್ಮ ಕಡೆ ಬಹಳ ಸಾಮಾನ್ಯ. ಈ ಸಲಹೆ ಬಂದದ್ದು ತಮ್ಮನಿಂದ, ಅವರ ಭಯದಿಂದಲೇ.

ಕೊನೆಗೆ ಬಂದದ್ದು

2022ರ ನಂತರ ಬ್ಯಾಂಕುಗಳ ಸುಸ್ತಿ ಸಾಲ ಇಳಿಯಿತು, ಬಡ್ಡಿ ದರ ಏರಿದ್ದರಿಂದ ಗಳಿಕೆ ಬೆಳೆಯಿತು, ಹಳೆಯ ಖಾಸಗಿ ಬ್ಯಾಂಕುಗಳ ಕಡೆಗೆ ಪೇಟೆ ಮತ್ತೆ ತಿರುಗಿತು. 2023ರ ಕೊನೆಯಲ್ಲಿ ಮಾರತೊಡಗಿದರು. ಒಂದೇ ಆರ್ಥಿಕ ವರ್ಷದಲ್ಲಿ ಎಲ್ಲವನ್ನೂ ಮಾರದೆ ಮಾರ್ಚ್‌ಗೆ ಮೊದಲು ಒಂದು ಭಾಗ, ಏಪ್ರಿಲ್‌ನಲ್ಲಿ ಇನ್ನೊಂದು ಭಾಗ ಮಾರಿದರು. ಆಗ ವರ್ಷಕ್ಕೆ ಒಂದು ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇರಲಿಲ್ಲ. ಆ ವಿನಾಯಿತಿ ಎರಡು ಸಲ ಸಿಕ್ಕಿತು. ಸರಾಸರಿ ದರ 85. ಕಾಲು ಭಾಗ ಉಳಿಸಿಕೊಂಡಿದ್ದಾರೆ. ಅದನ್ನೂ 85ರಲ್ಲೇ ಲೆಕ್ಕ ಹಿಡಿದರೆ ಎಂಟು ಲಕ್ಷ ಹದಿನೈದೂವರೆ ಲಕ್ಷವಾಗಿದೆ, ಲಾಭಾಂಶ ಬೇರೆ.

ಒಟ್ಟು ಮೊತ್ತ ನೋಡಿ ಸಂತೋಷಪಡುವ ಮೊದಲು ಕಂತುಗಳನ್ನು ಬಿಡಿಯಾಗಿ ನೋಡಬೇಕು. 60ಕ್ಕೆ ಕೊಂಡ ಮೊದಲ ಕಂತು ಐದು ವರ್ಷಗಳಲ್ಲಿ 85 ಆಯಿತು. ವರ್ಷಕ್ಕೆ ಶೇಕಡಾ 7ರ ಚೂರು ಮೇಲೆ. ನಿದ್ದೆಗೆಡದೆ ಮುದ್ದತಿ ಠೇವಣಿಯಲ್ಲಿ ಇಟ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. 45ರ ಎರಡನೆಯ ಕಂತಿನಲ್ಲಿ ವರ್ಷಕ್ಕೆ ಶೇಕಡಾ 17ರಷ್ಟು ಬಂತು. ಮೂರನೆಯದು ಮೂರು ವರ್ಷಗಳಲ್ಲಿ ಎರಡೂಮುಕ್ಕಾಲು ಪಟ್ಟಿಗೂ ಹೆಚ್ಚಾಯಿತು. ಕೊಳ್ಳುವ ದಿನ ಪುಸ್ತಕ ಮೌಲ್ಯದ ಶೇಕಡಾ 60ಕ್ಕೆ ಸಿಕ್ಕಿತು ಎಂದು ಮನೆಯವರೆಲ್ಲ ಅಗ್ಗವೆಂದೇ ಭಾವಿಸಿದ್ದ ಹಣ ಠೇವಣಿಯಷ್ಟನ್ನೇ ದುಡಿಯಿತು. ಉಳಿದ ಗಳಿಕೆಯನ್ನು ತಂದದ್ದು, ಎಲ್ಲವನ್ನೂ ಮೊದಲ ದಿನವೇ ಸುರಿಯದೆ ಕೈಯಲ್ಲಿ ಉಳಿಸಿಕೊಂಡದ್ದು ಮತ್ತು ಆ ಹಣದ ಅಗತ್ಯ ಲಾಕ್‌ಡೌನ್ ನಡುವೆಯೂ ಮನೆಗೆ ಬೀಳದೆ ಹೋದದ್ದು.

ದೂರದ ಬ್ಯಾಂಕು ಮುಳುಗಲಿಲ್ಲ. ಇದನ್ನು ಹೇಳದಿದ್ದರೆ ಪ್ರಕರಣ ಅರ್ಧವಾಗುತ್ತದೆ. ಅದು ಪೇಟೆ ದರಕ್ಕೆ ಹೊಸ ಶೇರು ಹೊರಡಿಸಿ ಬಂಡವಾಳ ಎತ್ತಿತು, ಹಳೆಯ ಸಾಲಗಳನ್ನು ತೊಳೆಯಿತು, ಚೇತರಿಸಿಕೊಂಡಿತು. 2018ರಲ್ಲಿ ಕೊಂಡು ಅಲ್ಲಾಡದೆ ಕುಳಿತವರಿಗೆ 2023ರ ಕೊನೆಯಲ್ಲೂ ಅಸಲು ತಿರುಗಿರಲಿಲ್ಲ. 2020ರ ತಳದಲ್ಲಿ ಧೈರ್ಯ ಮಾಡಿದವರಿಗೆ ಹತ್ತಿರದ ಬ್ಯಾಂಕಿಗಿಂತ ಹೆಚ್ಚು ಸಿಕ್ಕಿತು. ಮಗಳು ಇದನ್ನು ತನ್ನ ವಾದಕ್ಕೆ ಸಿಕ್ಕ ಸಾಕ್ಷಿ ಎನ್ನುತ್ತಾಳೆ. ಬ್ಯಾಂಕು ಉಳಿಯುತ್ತದೆ ಎಂದು ಅಂದು ಲೆಕ್ಕಪತ್ರದಿಂದ ತಿಳಿಯುವಂತಿರಲಿಲ್ಲ ಎಂಬುದು ಕಾರ್ಯದರ್ಶಿಯವರ ನಿಲುವು. ನಾನು ಕಾರ್ಯದರ್ಶಿಯವರ ಕಡೆಗಿದ್ದೇನೆ: ಠೇವಣಿಯ ಭದ್ರತೆಯಿಂದ ಎತ್ತಿ ತಂದ ನಿವೃತ್ತಿಯ ಹಣವನ್ನು ಉಳಿದರೂ ಉಳಿಯಬಹುದು ಎಂಬ ಆಧಾರದ ಮೇಲೆ ಇಡಲಾಗದು.

ಉಳಿದ ಕಾಲು ಭಾಗದ ಬಗ್ಗೆ ಈಗಲೂ ಚರ್ಚೆ ನಡೆದಿದೆ. ಮುಂದಿನ ವಾರ್ಷಿಕ ವರದಿಯಲ್ಲಿ ಇಪ್ಪತ್ತು ದೊಡ್ಡ ಸಾಲಗಾರರ ಪಾಲು ಏರಿದ್ದರೆ, ಅಥವಾ ತಪಾಸಣೆಯ ವ್ಯತ್ಯಾಸದ ಸಾಲು ಕಾಣಿಸಿಕೊಂಡರೆ ದರ ಎಷ್ಟೇ ಇರಲಿ ಮಾರುವುದು ಎಂದು ಕಾರ್ಯದರ್ಶಿಯವರು ಬರೆದಿಟ್ಟಿದ್ದಾರೆ. ತಮ್ಮ ಅದಕ್ಕೆ ಇನ್ನೂ ಒಪ್ಪಿಲ್ಲ. ಲಾಭಾಂಶ ಬರುತ್ತಿರುವಾಗ ಊರ ಬ್ಯಾಂಕಿನ ಶೇರನ್ನು ಬಿಡುವುದೇಕೆ ಎಂದು ಅವರು ಕೇಳುತ್ತಾರೆ, ಮಗಳು ಈ ಸಲ ಅವರ ಪಕ್ಷ ವಹಿಸಿದ್ದಾಳೆ.